ತೊಟ್ಟಿಯನ್ನು ಸ್ಪಿರಿಟ್ಟಿನಲ್ಲಿ ಒರೆಸಿದ ತಾತನಿಗೆ

ತಾತನವರಿಗೆ, ನಿಮ್ಮ ಮೊಮ್ಮಗಳು ಮಾಡುವ ನಮಸ್ಕಾರಗಳು. ನಮಸ್ಕಾರ ಇಲ್ಲಿಗೆ ಮುಗಿಯಿತು. ಮುಂದಿನದೆಲ್ಲ ಜಗಳ.

ಒಂದೇ ಮನೆಯಲ್ಲಿ, ನಡುವೆ ಒಂದು ಗೋಡೆ ಮಾತ್ರ ಇರುವಾಗ ಕಾಗದ ಬರೆಯುವುದು ಹುಚ್ಚುತನವೆಂದು ನನಗೂ ಗೊತ್ತು. ಏನು ಮಾಡಲಿ? ನಾನು ಬಾಯಿ ತೆರೆದ ಕೂಡಲೇ ನೀವು ಕಿವಿಯ ಮಿಷನ್ ತೆಗೆದು ಅಂಗಿಯ ಜೇಬಿಗೆ ಹಾಕಿಕೊಳ್ಳುತ್ತೀರಿ. ಒಂಬತ್ತು ದಿನದಿಂದ ಇದೇ ಆಗಿದೆ. ಮೊನ್ನೆ ನಾನು ಹೇಳಲು ಬಂದದ್ದು ನಿಮ್ಮ ಚಪ್ಪಲಿಯ ಮೇಲೆ ಬೆಕ್ಕು ಮಲಗಿದೆ ಎಂದು. ಅದಕ್ಕೂ ಮಿಷನ್ ತೆಗೆದಿರಿ. ಬೆಕ್ಕನ್ನು ತುಳಿದಿರಿ. ಈ ಕಾಗದವನ್ನೂ ಜೇಬಿಗೆ ಹಾಕಿಕೊಳ್ಳಿ, ಪರವಾಗಿಲ್ಲ. ಒಳಗೆ ಕೂತು ಅದು ತನ್ನ ಪಾಡಿಗೆ ಹೇಳುತ್ತಲೇ ಇರುತ್ತದೆ. ಅಮ್ಮನನ್ನು ನಡುವೆ ಓಡಾಡಿಸಿದ್ದೂ ಸಾಕು. "ನಾನೇನು ನಿಮ್ಮಿಬ್ಬರ ಪೋಸ್ಟ್‌ಮ್ಯಾನಾ? ಮುದುಕರಿಗೆ ಬುದ್ಧಿ ಇಲ್ಲ, ಹುಡುಗಿಗೆ ನಾಲಿಗೆ ನಿಲ್ಲಲ್ಲ. ಇಬ್ಬರನ್ನೂ ಆ ತೊಟ್ಟೀಲಿ ಹಾಕಿ ಮುಚ್ಚಳ ಹಾಕ್ತೀನಿ" ಎಂದು ಅವಳು ಕೂಗಾಡಿದ್ದು ನಿಮಗೆ ಕೇಳಿಸಲಿಲ್ಲ. ಬೀದಿಗೆಲ್ಲ ಕೇಳಿಸಿತು.

ನಡೆದದ್ದನ್ನು ಮೊದಲಿನಿಂದ ಬರೆಯುತ್ತೇನೆ. ಏಕೆಂದರೆ ನೀವು ಅಮ್ಮನಿಗೆ ಹೇಳಿರುವ ಕಥೆಯಲ್ಲಿ ಅರ್ಧಕ್ಕರ್ಧ ಪಾಲಿಶ್ ಇದೆ.

ಆ ಮೀನಿನ ತೊಟ್ಟಿ ಹಲ್ಲಿನ ಡಾಕ್ಟರಮ್ಮನದು. ಯಾವುದೋ ಹೋಟೆಲು ಮುಚ್ಚುವಾಗ ಅಲ್ಲಿಂದ ತಂದದ್ದು. ನಾಲ್ಕು ಅಡಿ ಉದ್ದ, ಬೆರಳು ದಪ್ಪದ ಪಾರದರ್ಶಕ ಪ್ಲಾಸ್ಟಿಕ್, ಅಕ್ರಿಲಿಕ್. ಗಾಜಲ್ಲ, ತಾತ. ಇದನ್ನು ನಾನು ನಿಮಗೆ ಎಷ್ಟು ಸಲ ಹೇಳಿದ್ದೇನೋ, ಲೆಕ್ಕ ಬಿಟ್ಟಿದ್ದೇನೆ. ನೀವು ಮಾತ್ರ ಮೊದಲ ದಿನದಿಂದ ಇವತ್ತಿನವರೆಗೂ "ನಿನ್ನ ಗಾಜಿನ ಪೆಟ್ಟಿಗೆ" ಎಂದೇ ಅನ್ನುತ್ತೀರಿ. ಹೋಟೆಲಿನವರು ಅದರ ಒಳಮೈಯನ್ನು ಪಾತ್ರೆ ಉಜ್ಜುವ ತಂತಿಯಿಂದ ತೊಳೆದಿದ್ದರು. ಪಾಚಿ ಕೆರೆಯಲು ಚಾಕು ಹಾಕಿದ್ದರು. ಒಳಗೆ ಇಣುಕಿದರೆ ಮಂಜು ಕವಿದ ಕಿಟಕಿಯ ಹಾಗೆ ಕಾಣುತ್ತಿತ್ತು. ಡಾಕ್ಟರಮ್ಮನಿಗೆ ಅದರಲ್ಲಿ ಸಮುದ್ರದ ನೀರು ಮಾಡಿ, ಹವಳ ಬೆಳೆಸಿ, ರೋಗಿಗಳು ಕಾಯುವ ಕೋಣೆಯಲ್ಲಿ ಇಡುವ ಆಸೆ. ಹಲ್ಲು ಕೀಳಿಸಿಕೊಳ್ಳಲು ಬಂದ ಮಕ್ಕಳು ಬಾಗಿಲನ್ನು ನೋಡುತ್ತ ಅಳುವ ಬದಲು ಮೀನು ನೋಡಲಿ ಎಂದು.

"ಗೀರು ಹೋಗುತ್ತಾ?" ಎಂದು ಅವರು ಕೇಳಿದರು. "ಹೋಗುತ್ತೆ. ನಾನು ಯಾವತ್ತೂ ಮಾಡಿಲ್ಲ. ಆದ್ರೆ ಹೋಗುತ್ತೆ" ಎಂದೆ. ನಾನು ಕೆಲಸಕ್ಕಿರುವ ಸಾಕುಮೀನಿನ ಅಂಗಡಿಯ ಯಜಮಾನರು ಪಕ್ಕದಲ್ಲೇ ಇದ್ದರು, ಹಣೆ ಚಚ್ಚಿಕೊಂಡರು. ಡಾಕ್ಟರಮ್ಮ ಮಾತ್ರ ನಕ್ಕು, ತೊಟ್ಟಿ ಸರಿಯಾದರೆ ಅದರ ನೀರು, ಹವಳ, ಮೀನು ಎಲ್ಲದರ ಜವಾಬ್ದಾರಿಯೂ ನಿನ್ನದೇ ಎಂದರು. ಅಂಗಡಿಯಲ್ಲಿ ಬಕೆಟ್ಟು ಹೊರುವವಳಿಗೆ ತನ್ನದು ಎಂದು ಹೇಳಿಕೊಳ್ಳುವ ಮೊದಲ ಕೆಲಸ ಅದು. ಸಂಜೆ ಬಂದು ನಿಮಗೇ ಮೊದಲು ಹೇಳಿದೆ. ನೀವು ಮರಕ್ಕೆ ಪಾಲಿಶ್ ಹಾಕುತ್ತಿದ್ದ ನಿಮ್ಮ ಹಳೆಯ ಶೆಡ್ಡಿನ ಕೀಲಿಯನ್ನು ಉಡಿದಾರದಿಂದ ಬಿಚ್ಚಿ ಕೊಟ್ಟಿರಿ. ಮಂಡಿ ನೋವು ಶುರುವಾದ ಮೇಲೆ ಆ ಮೂರು ಮೆಟ್ಟಿಲು ಇಳಿಯದವರು, ಮಾರನೆಯ ದಿನ ಬೆಳಿಗ್ಗೆ ನನಗಿಂತ ಮೊದಲೇ ಇಳಿದು ಸ್ಟೂಲು ಹಾಕಿಕೊಂಡು ಕೂತಿದ್ದಿರಿ. ನನ್ನ ಕರ್ಮ ಅಲ್ಲಿಂದ ಶುರುವಾಯಿತು.

ಅಕ್ರಿಲಿಕ್ ಉಜ್ಜುವ ಕ್ರಮವೇ ಬೇರೆ. ನೀರಿನಲ್ಲಿ ನೆನೆಸಿದ ಮರಳುಕಾಗದ, ಅಂದರೆ ವಾಟರ್ ಪೇಪರ್‌ನಲ್ಲಿ ಉಜ್ಜಬೇಕು. ಒರಟು ಮುನ್ನೂರಿಪ್ಪತ್ತರಿಂದ ಹಿಡಿದು ನಾನೂರು, ಆರುನೂರು, ಎಂಟುನೂರು ಎಂದು ನುಣುಪಿನ ಕಡೆಗೆ ಒಂದೊಂದೇ ನಂಬರು ಹತ್ತಬೇಕು. ಒಂದು ನಂಬರನ್ನು ಅಡ್ಡಡ್ಡ ಉಜ್ಜಿದರೆ ಮುಂದಿನದನ್ನು ಉದ್ದುದ್ದ. ಆಗ ಹಿಂದಿನ ಗೆರೆ ಪೂರ್ತಿ ಅಳಿಯಿತೋ ಇಲ್ಲವೋ ಗೊತ್ತಾಗುತ್ತದೆ. ಇದನ್ನು ಕಂಡ ನೀವು ನಾನೇನೋ ದೇವರ ಕೋಣೆಗೆ ಚಪ್ಪಲಿ ಹಾಕಿಕೊಂಡು ಹೋದೆನೆಂಬಂತೆ ಕೂಗಿದಿರಿ.

"ಅಡ್ಡ ಉಜ್ಜೋದುಂಟೇನೇ? ನಾರಿನ ಗುಂಟ ಹೋಗಬೇಕು!"

"ಇದಕ್ಕೆ ನಾರೇ ಇಲ್ಲ, ತಾತ."

"ನಾರಿಲ್ಲದ್ದು ಲೋಕದಲ್ಲಿ ಯಾವುದಿದೆ? ನಿನಗೆ ಕಂಡಿಲ್ಲ ಅನ್ನು. ಐವತ್ತು ವರ್ಷದಲ್ಲಿ ಈ ಕೈ ಒಂದು ಸಲಾನೂ ಅಡ್ಡ ಹೋಗಿಲ್ಲ. ಹೋಗೋದೂ ಇಲ್ಲ."

ಒಳಗಿನ ಸಣ್ಣ ಗೀರುಗಳು ನೀರು ತುಂಬಿದಾಗ ಅರ್ಧ ಮಾಯವಾಗುತ್ತವೆ ಎಂದು ಬಾಯಿ ತಪ್ಪಿ ಹೇಳಿದ್ದೂ ತಪ್ಪಾಯಿತು. "ಹಾಗಾದ್ರೆ ನೀರು ತುಂಬಿಬಿಡು, ಉಜ್ಜೋದ್ಯಾಕೆ? ಕಣ್ಣಿಗೆ ಕಾಣದ ಗೀರು ಗೀರೇ ಅಲ್ಲ" ಎಂದಿರಿ. ಗೀರಿನ ಸಂದಿಯಲ್ಲಿ ಪಾಚಿ ಬೇರುಬಿಡುತ್ತದೆ, ಹವಳಕ್ಕೆ ಹಾಕುವ ಜೋರು ಬೆಳಕಿನಲ್ಲಿ ಎಲ್ಲ ಎದ್ದು ಕಾಣುತ್ತದೆ ಎಂದು ನಾನು ವಿವರಿಸುವಷ್ಟರಲ್ಲಿ ಮಿಷನ್ ಜೇಬಿನಲ್ಲಿತ್ತು.

ನನ್ನ ತಪ್ಪನ್ನೂ ಬರೆಯುತ್ತೇನೆ. ಬರೆಯದಿದ್ದರೆ ಈ ಕಾಗದ ಸುಳ್ಳಾಗುತ್ತದೆ. ಮೂರನೆಯ ದಿನ ಕೈ ಸೋತು, ತಾಳ್ಮೆ ಕೆಟ್ಟು, ಎಂಟುನೂರನೇ ನಂಬರನ್ನು ಹಾರಿಸಿ ಒಮ್ಮೆಲೇ ಸಾವಿರದಿನ್ನೂರಕ್ಕೆ ಹೋದೆ. ಯಾರಿಗೂ ಹೇಳಲಿಲ್ಲ. ಯಾರೂ ಕೇಳಿರಲೂ ಇಲ್ಲ. ಮಧ್ಯಾಹ್ನ ನೀವು ಎದ್ದು ಬಂದು, ಟಾರ್ಚನ್ನು ಓರೆಯಾಗಿ ಹಿಡಿದು, ಹೆಬ್ಬೆರಳ ಉಗುರನ್ನು ಅದರ ಮೇಲೆ ಆಡಿಸಿ, "ಒಂದು ಮೆಟ್ಟಿಲು ನುಂಗಿದ್ದೀಯ" ಎಂದಿರಿ. ಅಷ್ಟೇ. ನನ್ನ ಕಣ್ಣಿಗೆ ಕಾಣದ್ದು ನಿಮ್ಮ ಉಗುರಿಗೆ ಸಿಕ್ಕಿತ್ತು. ಮತ್ತೆ ಆರುನೂರಕ್ಕೆ ಇಳಿದೆ. ಎರಡು ದಿನದ ಕೆಲಸ ಹೆಚ್ಚಾಯಿತು. ಆ ಎರಡು ದಿನವೂ ನೀವು ನಗಲಿಲ್ಲ, ಆಡಿಕೊಳ್ಳಲಿಲ್ಲ. ಅದೇ ನನಗೆ ಹೆಚ್ಚು ಉರಿಯಿತು.

ಇನ್ನು ಆ ಮಂಗಳವಾರ.

ನಾನು ಅಂಗಡಿಗೆ ಹೋಗಿದ್ದೆ. ಎರಡೂವರೆಗೆ ಮನೆಗೆ ಬಂದರೆ ಗೇಟಿನವರೆಗೂ ಸ್ಪಿರಿಟ್ಟಿನ ವಾಸನೆ. ಓಡಿದೆ. ನೀವು ಬನಿಯನ್ನಿನಲ್ಲಿ, ಕೈಯಲ್ಲಿ ಹತ್ತಿಯ ಉಂಡೆ, ಮದುವೆ ಮನೆಯ ಯಜಮಾನನ ಹಾಗೆ ನಿಂತಿದ್ದಿರಿ. ತೊಟ್ಟಿಯ ಮುಂಭಾಗವನ್ನು ಒಳಗೂ ಹೊರಗೂ ಸ್ಪಿರಿಟ್ ಹಾಕಿ ಒರೆಸಿ ಮುಗಿಸಿದ್ದಿರಿ. ಅರಗಿನ ಪಾಲಿಶ್ ಹಚ್ಚುವ ಮೊದಲು ಮೇಜನ್ನು, ಮಂಚವನ್ನು, ಬಾಗಿಲನ್ನು ಹೇಗೆ ಒರೆಸುತ್ತಿದ್ದಿರೋ ಹಾಗೆ. "ನೋಡು, ಧೂಳು ಅನ್ನೋದು ಒಂದು ಚೂರಿಲ್ಲ. ನೀನು ನಾಳೆ ಕೊನೇ ನಂಬರ್ ಉಜ್ಜೋದಷ್ಟೇ" ಎಂದಿರಿ. ನಿಜ, ಆ ಗಳಿಗೆಯಲ್ಲಿ ಅದು ಹೊಳೆಯುತ್ತಿತ್ತು.

ಸಂಜೆ ನಾಲ್ಕೂವರೆಯ ಬಿಸಿಲು ಓರೆಯಾಗಿ ಬಿದ್ದಾಗ ಕಂಡಿತು. ಅಂಚಿನಿಂದ ಒಳಕ್ಕೆ ಕೂದಲೆಳೆಯಂಥ ಬಿರುಕುಗಳು. ಮೊದಲು ಹತ್ತೋ ಹನ್ನೆರಡೋ. ನೋಡನೋಡುತ್ತಿದ್ದಂತೆ ಲೆಕ್ಕಕ್ಕೆ ಸಿಗದಷ್ಟು. ಗಾಜಿಗೆ ಸ್ಪಿರಿಟ್ ಏನೂ ಮಾಡುವುದಿಲ್ಲ. ಮರಕ್ಕೂ ಮಾಡುವುದಿಲ್ಲ. ಅಕ್ರಿಲಿಕ್ಕಿಗೆ ಅದು ವಿಷ. ಹನ್ನೊಂದು ದಿನದ ಕೆಲಸ, ಹನ್ನೊಂದು ದಿನದ ನನ್ನ ಭುಜ, ನಿಮ್ಮ ಒಂದು ಉಂಡೆ ಹತ್ತಿಯಲ್ಲಿ ಹೋಯಿತು.

ಆಮೇಲೆ ನಾನು ಅಂದದ್ದು ನಿಮಗೆ ನೆನಪಿದೆ. ನೀವು ಮಿಷನ್ ತೆಗೆಯಲು ತಡಮಾಡಿದ್ದಿರಿ. "ಐವತ್ತು ವರ್ಷ ಕಲಿತಿದ್ದು ಇಷ್ಟೇನಾ? ಒಂದು ಕಡೆ ಸುಮ್ನೆ ಕೂತ್ಕೊಳ್ಳೋಕೆ ಆಗಲ್ವಾ ನಿಮಗೆ?"

ಈ ಎರಡನೆಯ ಮಾತನ್ನು ನಾನು ಎಲ್ಲಿಂದ ತಂದೆನೆಂದು ಆಮೇಲೆ ಹೊಳೆಯಿತು. ಒಂದನೇ ಕ್ಲಾಸಿನಿಂದ ಹನ್ನೊಂದನೇ ಕ್ಲಾಸಿನವರೆಗೆ ಎಲ್ಲ ಮೇಷ್ಟ್ರುಗಳೂ ನನಗೆ ಹೇಳುತ್ತಿದ್ದ ಮಾತು ಅದು. ಪ್ರಯೋಗಾಲಯದಲ್ಲಿ ನನ್ನ ಅಳತೆ ಪುಸ್ತಕದ ಉತ್ತರಕ್ಕೆ ಹೊಂದಲಿಲ್ಲ. ಉಳಿದವರು ಪುಸ್ತಕದ ಉತ್ತರವನ್ನೇ ಬರೆದುಕೊಂಡರು. ನಾನು ಬಂದದ್ದನ್ನು ಬರೆದೆ. ತಿದ್ದು ಎಂದರು, ತಿದ್ದಲಿಲ್ಲ. ಅವತ್ತು ಹೊರಗೆ ಬಂದವಳು ಮತ್ತೆ ಹೋಗಲಿಲ್ಲ. ಊರಿಗೆಲ್ಲ ನಾನು ಹೇಳುವ ಕಾರಣ ಇದು. ನಿಜ ಹೇಳಬೇಕೆಂದರೆ ಇದು ಅರ್ಧ ಕಾರಣ. ಉಳಿದರ್ಧ, ನನಗೆ ಆ ಬೆಂಚಿನ ಮೇಲೆ ಕೂರಲು ಆಗುತ್ತಿರಲಿಲ್ಲ. ಅಮ್ಮ ಮೂರು ದಿನ ಅತ್ತಳು. ನೀವು ಮಾತ್ರ, "ಕೂರೋಕಾಗದಿದ್ರೆ ನಿಂತು ಮಾಡೋ ಕೆಲಸ ಹುಡುಕು, ಗಿರಗಿಟ್ಲೆ" ಎಂದಿರಿ. ಸುಮ್ಮನೆ ಕೂರು ಎಂದು ನನಗೆ ಹೇಳದಿದ್ದವರು ನೀವೊಬ್ಬರೇ. ಆ ಮಾತನ್ನು ನಾನು ನಿಮಗೇ ಹೇಳಿದೆ. ಅದಕ್ಕೆ ಕ್ಷಮೆ ಕೇಳುತ್ತಿದ್ದೇನೆ. ಮೊದಲ ಮಾತಿಗೆ ಇನ್ನೂ ಇಲ್ಲ, ಯೋಚಿಸುತ್ತಿದ್ದೇನೆ.

ಅಷ್ಟಕ್ಕೆ ನೀವು ಏನು ಮಾಡಿದಿರಿ? ಉಪಕರಣಗಳ ತಗಡಿನ ಪೆಟ್ಟಿಗೆಗೆ ಬೀಗ ಹಾಕಿದಿರಿ. ಮುಂದಿನ ಕೋಣೆಯಲ್ಲಿ ಗೋಡೆಗೆ ಮುಖ ಮಾಡಿ ಕೂತಿರಿ. ಬುಧವಾರ ಅಮ್ಮನ ಕೈಲಿ ಹೇಳಿಕಳಿಸಿದಿರಿ: "ಆ ಭಾಗವನ್ನು ಗೋಡೆ ಕಡೆ ತಿರುಗಿಸಿ, ಮುಂದೆ ನಾಲ್ಕು ಕಲ್ಲು ಜೋಡಿಸೋಕೆ ಹೇಳು ಅವಳಿಗೆ. ಯಾರಪ್ಪನಿಗೂ ಗೊತ್ತಾಗಲ್ಲ."

ಗೊತ್ತಾಗುವುದಿಲ್ಲ, ಸರಿ. ನಿಮ್ಮ ಕಸುಬಿನಲ್ಲಿ ಅದು ಮೋಸವಲ್ಲ ಎಂದೂ ನನಗೆ ಗೊತ್ತು. ಮರದ ಸೀಳಿಗೆ ಮೇಣ ತುಂಬಿ, ಬಣ್ಣ ಕೂಡಿಸಿ, ಗಂಟು ಇದ್ದದ್ದೇ ಕಾಣದಂತೆ ಮಾಡುತ್ತಿದ್ದಿರಿ. ಜನ ಅದನ್ನೇ ಹೊಗಳುತ್ತಿದ್ದರು. ಸೀಳಿದ ಮೇಜಿನ ಮೇಲೆ ಊಟ ಮಾಡಬಹುದು. ಈ ತೊಟ್ಟಿಯೊಳಗೆ ನಾನೂರು ಲೀಟರ್ ನೀರು ನಿಲ್ಲುತ್ತದೆ, ತಾತ. ಅದರ ಬುಡದಲ್ಲಿ ಮಕ್ಕಳು ನೆಲದ ಮೇಲೆ ಕೂತು ಮೂಗು ಒತ್ತಿ ಮೀನು ನೋಡುತ್ತಾರೆ. ಬಿರುಕು ಗೋಡೆಯ ಕಡೆ ಇದ್ದರೂ ಬಿರುಕೇ. ಒಂದು ದಿನ ಅದು ಬಾಯಿ ಬಿಟ್ಟರೆ ನಾಲ್ಕು ಕಲ್ಲು ತಡೆಯುತ್ತವೆಯೇ?

ನಾನು ಹೇಳಿಯೇ ಹೇಳುತ್ತೇನೆ ಎಂದು ಅಮ್ಮನ ಕೈಲೇ ಉತ್ತರ ಕಳಿಸಿದೆ. ನೀವು, "ಹೇಳಲಿ. ಊರಿಗೆಲ್ಲ ಡಂಗುರ ಹೊಡೀಲಿ, ನಮ್ಮ ಮುದುಕನಿಗೆ ಕೈ ಹೋಗಿದೆ ಅಂತ" ಎಂದಿರಂತೆ. ಆಗ ನನಗೆ ನಿಮ್ಮ ಮುನಿಸಿನ ಬುಡ ಕಂಡಿತು. ತೊಟ್ಟಿ ಹಾಳಾಗಿದ್ದಕ್ಕಲ್ಲ, ನಾನು ಬೈದದ್ದಕ್ಕೂ ಅಲ್ಲ. ನಿಮ್ಮ ಕೈಯ ಹೆಸರು ಕೆಡುತ್ತದಲ್ಲ, ಅದಕ್ಕೆ.

ನಿನ್ನೆ ಡಾಕ್ಟರಮ್ಮನನ್ನು ಶೆಡ್ಡಿಗೆ ಕರೆದುಕೊಂಡು ಬಂದೆ. ಅಮ್ಮನೂ ಬಂದು ಬಾಗಿಲಲ್ಲಿ ನಿಂತಳು. ನೀವು ಮನೆಯೊಳಗಿದ್ದಿರಿ, ಕಿಟಕಿಯ ಪರದೆ ಅಲುಗಾಡಿದ್ದು ಕಂಡೆ. ಅವರು ಬ್ಯಾಗಿನಿಂದ ಹಲ್ಲು ನೋಡುವ ಪುಟ್ಟ ಕನ್ನಡಿಯನ್ನೂ ಪೆನ್ನಿನಷ್ಟು ಟಾರ್ಚನ್ನೂ ತೆಗೆದು, ತೊಟ್ಟಿಗೆ ಬಾಯಿ ತೆರೆಯಲು ಹೇಳುವವರ ಹಾಗೆ ಬಗ್ಗಿ ನೋಡಿದರು. "ಹಲ್ಲಿಗೂ ಹೀಗೇ ಆಗುತ್ತೆ. ಎಷ್ಟೋ ಗೆರೆ ಮೇಲ್ಮೈಯಲ್ಲೇ ಇರ್ತವೆ. ಆಳಕ್ಕಿಳಿದಿದ್ರೆ ಮಾತ್ರ ಕಷ್ಟ" ಎಂದರು. ಒಂದು ಅಂಗೈ ಅಗಲದಷ್ಟನ್ನು ನಾನು ಮತ್ತೆ ಮುನ್ನೂರಿಪ್ಪತ್ತರಿಂದ ಉಜ್ಜಿ ನೋಡಿದ್ದೆ, ಅಲ್ಲಿ ಎಳೆಗಳು ಹೋಗಿದ್ದವು. ಅದನ್ನು ತೋರಿಸಿದೆ. ಎಡಗಡೆಯ ಕೆಳಮೂಲೆಯಲ್ಲಿ, ಎರಡು ಹಲಗೆ ಕೂಡುವಲ್ಲಿ ಹೋಗಿಲ್ಲ ಎಂಬುದನ್ನೂ ತೋರಿಸಿದೆ. ಅವರು ಯೋಚಿಸಿ ಹೇಳಿದ್ದು ಇಷ್ಟು: "ಎಲ್ಲಾ ತೆಗಿ. ನೀರು ತುಂಬಿ ಹತ್ತು ದಿನ ಇಲ್ಲೇ ಹಿತ್ತಿಲಲ್ಲಿ ನಿಲ್ಲಿಸು. ಒಂದು ಹೊಸ ಗೆರೆ ಬಂದ್ರೂ ನನಗಿದು ಬೇಡಮ್ಮ, ಬೇರೆಯವರ ಹತ್ರ ಹೊಸದು ಮಾಡಿಸ್ತೀನಿ. ಬರಲಿಲ್ಲ ಅಂದ್ರೆ ಮಾತು ಮಾತೇ."

ಆಮೇಲೆ ಕೇಳಿದರು: "ಸ್ಪಿರಿಟ್ ಹಾಕಿ ಒರೆಸಿದ್ದು ಯಾರು?"

ನಾನು ಸುಳ್ಳು ಹೇಳುವುದಿಲ್ಲ ಎಂದು ನಿಮಗೆ ಗೊತ್ತು. ಪರದೆಯ ಹಿಂದೆ ನೀವು ಉಸಿರು ಬಿಗಿ ಹಿಡಿದಿದ್ದಿರೋ ಏನೋ. ನಾನು ಬಾಯಿ ತೆರೆದೆ, ಮತ್ತು ನನಗೇ ಗೊತ್ತಿಲ್ಲದ ಒಂದು ನಿಜ ಹೊರಗೆ ಬಂತು. "ಒರೆಸಿದ್ದು ತಾತ. ತಪ್ಪು ನನ್ನದು. ಸ್ಪಿರಿಟ್ ತಾಗಬಾರದು ಅಂತ ನನಗೆ ಮೊದಲ ದಿನದಿಂದ ಗೊತ್ತಿತ್ತು. ಅವರಿಗೆ ಹೇಳಲಿಲ್ಲ."

ಯಾಕೆ ಹೇಳಲಿಲ್ಲ ಎಂದು ಡಾಕ್ಟರಮ್ಮ ಕೇಳಲಿಲ್ಲ. ನೀವೂ ಕೇಳುವುದಿಲ್ಲ. ಆದರೆ ನಿನ್ನೆಯಿಂದ ಅದು ನನ್ನ ತಲೆಯೊಳಗೆ ಉಜ್ಜುತ್ತಲೇ ಇದೆ. ನೀವು ಮಿಷನ್ ತೆಗೆಯುತ್ತಿದ್ದಿರಿ, ಅದಕ್ಕೇ ಎಂದು ಮೊದಲು ಅಂದುಕೊಂಡೆ. ಅದು ನಿಜವಲ್ಲ. ಗಾಜಲ್ಲ ಅಕ್ರಿಲಿಕ್ ಎಂದು ನೂರು ಸಲ ಹೇಳಿದವಳಿಗೆ ಸ್ಪಿರಿಟ್ ಮುಟ್ಟಬೇಡಿ ಎಂದು ಒಂದು ಸಲ ಹೇಳಲು ಏನಾಗಿತ್ತು? ಬಾಟಲಿ ಕಿಟಕಿಯ ಮೇಲೇ ಇತ್ತು. ದಿನಾ ನೋಡುತ್ತಿದ್ದೆ. ಆ ಶೆಡ್ಡಿನಲ್ಲಿರುವ ಪ್ರತಿಯೊಂದೂ ನಿಮಗೆ ಗೊತ್ತು. ಓರೆ ಬೆಳಕು ಹಿಡಿಯುವುದನ್ನು ನನಗೆ ಕಲಿಸಿದ್ದು ನೀವು, ಪೇಪರನ್ನು ಮರದ ತುಂಡಿಗೆ ಸುತ್ತಿ ಹಿಡಿಯುವುದನ್ನು ಕಲಿಸಿದ್ದು ನೀವು, ನಾನು ನುಂಗಿದ ಮೆಟ್ಟಿಲನ್ನು ಉಗುರಿನಲ್ಲಿ ಹಿಡಿದದ್ದೂ ನೀವು. ನಿಮಗೆ ಗೊತ್ತಿಲ್ಲದ, ನನಗೆ ಮಾತ್ರ ಗೊತ್ತಿರುವ ಸಂಗತಿ ಒಂದಾದರೂ ಅಲ್ಲಿರಲಿ ಎಂದು ಬಚ್ಚಿಟ್ಟುಕೊಂಡೆ. ಪುಸ್ತಕದ ಉತ್ತರ ಬರೆಯದವಳು ಎಂದು ಎದೆ ತಟ್ಟಿಕೊಂಡು ತಿರುಗುವ ನಾನು ಇಂಥವಳು. ಸುಳ್ಳು ಹೇಳದೆಯೂ ನಿಜವನ್ನು ಮುಚ್ಚಿಡಬಹುದು ಎಂದು ಗೊತ್ತಾಯಿತು. ಹಾಗಾಗಿ ಮೊದಲ ಮಾತಿಗೂ ಕ್ಷಮಿಸಿ. ಐವತ್ತು ವರ್ಷ ನೀವು ಕಲಿತದ್ದು ಇಷ್ಟೇ ಅಲ್ಲ.

ಇದನ್ನೆಲ್ಲ ಅಂಗಡಿಯ ಹಿಂದೆ, ಸಮುದ್ರದ ಉಪ್ಪಿನ ಡಬ್ಬದ ಮೇಲೆ ಕೂತು ಊಟದ ಬಿಡುವಿನಲ್ಲಿ ಬರೆಯುತ್ತಿದ್ದೇನೆ. ವಿಷಯಕ್ಕೆ ಬರುತ್ತೇನೆ. ಆ ಎಡಮೂಲೆ ನನಗೆ ಬಗ್ಗುತ್ತಿಲ್ಲ. ಇವತ್ತು ಬೆಳಿಗ್ಗೆ ನಾನೂರರಲ್ಲಿ ಅಡ್ಡಡ್ಡ ಉಜ್ಜಿ ಬಿಟ್ಟು ಬಂದಿದ್ದೇನೆ. ಎಳೆ ಹೋಗಿದೆಯೋ, ನನ್ನ ಆಸೆಗೆ ಹಾಗೆ ಕಾಣುತ್ತಿದೆಯೋ ತಿಳಿಯುತ್ತಿಲ್ಲ. ನನ್ನ ಕಣ್ಣನ್ನು ನಾನು ನಂಬುವುದಿಲ್ಲ. ನಿಮ್ಮ ಉಗುರು ಬೇಕು. ಮುನಿಸು ಇಟ್ಟುಕೊಳ್ಳಿ, ಮುನಿಸಿಕೊಂಡೇ ಬನ್ನಿ, ಮಾತಾಡಬೇಡಿ. ಉಗುರು ಮಾತ್ರ ತನ್ನಿ.

ಇಲ್ಲಿಗೆ ಕಾಗದ ಮುಗಿಸಿ, ಮಡಚಿ, ನಿಮ್ಮ ಕನ್ನಡಕದ ಡಬ್ಬಿಯಲ್ಲಿ ಇಡಬೇಕೆಂದಿದ್ದೆ.

ಈಗ ಸಂಜೆ ಐದೂವರೆ. ಮನೆಗೆ ಬಂದು ಸೀದಾ ಶೆಡ್ಡಿಗೆ ಹೋದೆ. ಮೆಟ್ಟಿಲ ಮೇಲೆ ಒದ್ದೆ ಕಾಲಿನ ಗುರುತು. ತಗಡಿನ ಪೆಟ್ಟಿಗೆಯ ಬೀಗ ತೆಗೆದಿತ್ತು. ಮೊದಲು ಮೂಗು ಮೇಲೆತ್ತಿ ವಾಸನೆ ನೋಡಿದೆ. ಸ್ಪಿರಿಟ್ ಇಲ್ಲ, ಬರೀ ನೀರು. ಎಡಮೂಲೆಯ ಹತ್ತಿರ ಬಗ್ಗಿದೆ. ಬೆಳಿಗ್ಗೆ ನಾನು ಬಿಟ್ಟುಹೋದ ಅಡ್ಡ ಗೆರೆಗಳು ಒಂದೂ ಇರಲಿಲ್ಲ. ಅವುಗಳ ಮೇಲೆ ಆರುನೂರರ ಉದ್ದ ಗೆರೆಗಳು, ನೂಲು ಹಿಡಿದು ಎಳೆದಂತೆ. ನನ್ನ ಗೆರೆಗೆ ಅಡ್ಡವಾಗಿ! ಯಾವತ್ತೂ ಅಡ್ಡ ಹೋಗದ ಕೈಯೇ, ಎಂದು ಗಟ್ಟಿಯಾಗಿ ಕೂಗಿದೆ. ನಿಮಗೆ ಕೇಳಿಸಿರಲಾರದು. ಪಕ್ಕದಲ್ಲಿ ಹಳದಿ ಟೇಪಿನ ತುಂಡು ಅಂಟಿಸಿ, ಬಡಗಿಯ ದಪ್ಪ ಪೆನ್ಸಿಲಿನಲ್ಲಿ ಬರೆದಿದ್ದಿರಿ: "ಎಂಟುನೂರು ನೀನೇ ಉಜ್ಜು. ನುಂಗಬೇಡ."

ಟಾರ್ಚನ್ನು ಓರೆ ಹಿಡಿದು ನೋಡಿದೆ. ಮೂಲೆಯಲ್ಲಿ ಒಂದು ಎಳೆ ಇನ್ನೂ ಇತ್ತು. ಉಗುರು ಆಡಿಸಿದೆ, ಉಗುರಿಗೆ ಅಂಟಿಕೊಂಡು ಬಂತು. ನಿಮ್ಮ ಬಿಳಿ ಕೂದಲು.

ಅಮ್ಮನನ್ನು ಕೇಳಿದರೆ, "ನಿನ್ನೆ ಡಾಕ್ಟರಿಗೆ ನೀನು ಏನಂದೆ ಅಂತ ಮೂರು ಸಲ ಹೇಳಿಸಿಕೊಂಡ್ರು. ಮೂರು ಸಲಾನೂ ಮಿಷನ್ ಕಿವೀಲೇ ಇತ್ತು" ಎಂದಳು. ಬರುವುದಾದರೆ ಮೊದಲೇ ಬರಬಾರದಿತ್ತೇ, ತಾತ? ಊಟ ಬಿಟ್ಟು ಇಷ್ಟುದ್ದ ಬರೆದೆನಲ್ಲ! ಹರಿದು ಹಾಕೋಣ ಎನ್ನಿಸಿತು. ಆದರೆ ನಡುವೆ ಒಂದು ಕಡೆ ನಿಜ ಬರೆದುಬಿಟ್ಟಿದ್ದೇನೆ, ಅದನ್ನು ಮತ್ತೊಮ್ಮೆ ಬರೆಯುವಷ್ಟು ಧೈರ್ಯ ನನಗಿಲ್ಲ. ಆದ್ದರಿಂದ ಓದಿ.

ಭಾನುವಾರ ನೀರು ತುಂಬುತ್ತೇನೆ. ಹತ್ತು ದಿನ ಅದರ ಮುಂದೆ ಸ್ಟೂಲು ಹಾಕಿಕೊಂಡು ನೀವೇ ಕಾಯಬೇಕು. ನನ್ನ ಕೈಲಿ ಕೂರಲು ಆಗುವುದಿಲ್ಲ. ಗೆರೆ ಬಂದರೆ ಬಂತು, ಇಬ್ಬರೂ ಹೋಗಿ ಡಾಕ್ಟರಮ್ಮನಿಗೆ ಹೇಳೋಣ. ಬರದಿದ್ದರೆ ಆ ಹವಳದ ತೊಟ್ಟಿಯ ಮುಂದೆ ಮೂಗು ಒತ್ತುವ ಮೊದಲ ರೋಗಿ ನೀವೇ. ಹೇಗೂ ನಿಮ್ಮ ಎರಡು ಹಲ್ಲು ಕೀಳಿಸಬೇಕಾಗಿದೆ.

ಸ್ಪಿರಿಟ್ ಬಾಟಲಿಯನ್ನು ಬಚ್ಚಿಟ್ಟಿದ್ದೇನೆ. ಎಲ್ಲಿ ಎಂದು ಕೇಳಿದರೆ ಹೇಳಿಬಿಡುತ್ತೇನೆ. ದಯವಿಟ್ಟು ಕೇಳಬೇಡಿ.

ನಿಮ್ಮ ಮಂಡಿ ಮೂರು ಮೆಟ್ಟಿಲಿಗೆ ಸಾಲುವಷ್ಟು ಗಟ್ಟಿಯಾಗಿರಲಿ, ಉಗುರು ಎಂದಿಗೂ ಮೊಂಡಾಗದಿರಲಿ ಎಂದು ಹಾರೈಸುವ,

ಎಂಟುನೂರನ್ನು ಉಜ್ಜಲು ಹೊರಟಿರುವ
ನಿಮ್ಮ ಗಿರಗಿಟ್ಲೆ